ಕಾಲಮಿತಿಯಲ್ಲಿ ಕೇಳಿದ ಟೆಕ್ನೋ

ಡೊಂಬಿವಲಿ, ಕಲ್ಯಾಣ, ಥಾಣೆ, ವಾಶಿಗಳಲ್ಲಿ ತೊಂಬತ್ತರ ದಶಕದಲ್ಲಿ ಹರೆಯಕ್ಕೆ ಬಂದವರಲ್ಲಿ ಹೆಚ್ಚಿನವರು ಟೆಕ್ನೋ, ಟ್ರಾನ್ಸ್, ಬ್ರೇಕ್‌ಬೀಟ್ ಸಂಗೀತವನ್ನು ಮೊದಲು ಕೇಳಿದ್ದು ಸಿನಿಮಾದಿಂದ. ಅದಕ್ಕೆ ಕಾರಣ ಲೋಕಲ್ ರೈಲಿನ ವೇಳಾಪಟ್ಟಿಯಲ್ಲೇ ಇದೆ. ಈ ಸಂಗೀತ ನುಡಿಸುವ ಕ್ಲಬ್ಬುಗಳು ಇದ್ದದ್ದು ದಕ್ಷಿಣ ಮುಂಬಯಿ, ಬಾಂದ್ರಾ, ಜುಹು ಕಡೆ. ಅಲ್ಲಿ ರಾತ್ರಿ ಕಳೆಗಟ್ಟುವುದು ಹನ್ನೆರಡರ ಮೇಲೆ. ವಿ.ಟಿ.ಯಿಂದ ಕಲ್ಯಾಣದ ಕಡೆಗೆ ಕೊನೆಯ ಲೋಕಲ್ ಹೊರಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅದು ತಪ್ಪಿದರೆ ನಸುಕಿನವರೆಗೆ ಗಾಡಿಯಿಲ್ಲ. ವಿ.ಟಿ.ಯಿಂದ ಥಾಣೆ 34 ಕಿಲೋಮೀಟರ್, ಡೊಂಬಿವಲಿ 48, ಕಲ್ಯಾಣ 54. ಟ್ಯಾಕ್ಸಿಗೆ ದುಡ್ಡಿಲ್ಲದ ಕಾಲೇಜು ಹುಡುಗನಿಗೂ ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹುಡುಗಿಗೂ ಉಳಿದ ದಾರಿ ಥಿಯೇಟರು, ಕೇಬಲ್ ಟಿವಿ, ಕ್ಯಾಸೆಟ್ಟು, ಆಮೇಲೆ ವಿಸಿಡಿ.

ಆ ದಾರಿ ಏನು ಕೊಟ್ಟಿತು, ಏನನ್ನು ತಡೆಹಿಡಿಯಿತು ಎಂದು ಈಗಲಾದರೂ ಲೆಕ್ಕ ಹಾಕಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸಿನಿಮಾ ಈ ಸಂಗೀತದ ದನಿಯನ್ನು ನಿಷ್ಠೆಯಿಂದ ನಮಗೆ ತಲುಪಿಸಿತು. ಅದರ ಅವಧಿಯನ್ನೂ ಅದು ಹುಟ್ಟಿದ ಊರನ್ನೂ ಮಾತ್ರ ಮುಚ್ಚಿಟ್ಟಿತು.

ಕೊಟ್ಟದ್ದು ಸಣ್ಣದಲ್ಲ. 1999ರ 'ದಿ ಮ್ಯಾಟ್ರಿಕ್ಸ್' ಚಿತ್ರದಲ್ಲಿ ನಿಯೋ ಮತ್ತು ಟ್ರಿನಿಟಿ ಸರ್ಕಾರಿ ಕಟ್ಟಡದ ಮೊಗಸಾಲೆಗೆ ನುಗ್ಗುವ ದೃಶ್ಯವನ್ನು ನೋಡಿ. ಇಂಗ್ಲೆಂಡಿನ ಬಾತ್ ಊರಿನ ಪ್ರೊಪೆಲರ್‌ಹೆಡ್ಸ್ ಜೋಡಿಯ 'ಸ್ಪೈಬ್ರೇಕ್' ಅಲ್ಲಿ ಮೊಳಗುತ್ತದೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಕಂಬಗಳ ಕಲ್ಲು ಸಿಡಿಯುತ್ತಿದ್ದರೂ ಕೆಳಗೆ ಬೇಸ್‌ನ ಒಂದೇ ಎಳೆ ಹಿಡಿದ ಪಟ್ಟು ಬಿಡದೆ ಸುತ್ತುತ್ತದೆ. ದೃಶ್ಯವನ್ನು ಕೂಡಿಸಿ ಹಿಡಿದಿರುವುದೇ ಆ ಎಳೆ. ಹಾಡುಗಾರನಿಲ್ಲದ, ರಾಗದ ಏರಿಳಿತ ಇಲ್ಲದ ಸಂಗೀತವೂ ಮೈಯನ್ನು ಹೀಗೆ ಹಿಡಿದಿಡಬಲ್ಲದು ಎಂದು ಲತಾ, ಕಿಶೋರ್, ಎಸ್‌ಪಿಬಿ ಕೇಳಿ ಬೆಳೆದ ಕಿವಿಗಳಿಗೆ ಒಪ್ಪಿಸಲು ಸಿನಿಮಾಕ್ಕೆ ಮಾತ್ರ ಸಾಧ್ಯವಿತ್ತು. ಬರೀ ಕ್ಯಾಸೆಟ್ಟಿನಲ್ಲಿ ಕೇಳಿದ್ದರೆ ಬೇಸರಪಟ್ಟು ತೆಗೆದಿಡುತ್ತಿದ್ದವರು ತೆರೆಯ ಮುಂದೆ ಕಣ್ಣು ಮಿಟುಕಿಸದೆ ಕೂತರು. ಅದೇ ಚಿತ್ರದ ಇನ್ನೊಂದು ತುಣುಕು ರಾಬ್ ಡೂಗನ್ ಅವರ 'ಕ್ಲಬ್ಡ್ ಟು ಡೆತ್'. ಅದರ ಆರಂಭದ ತಂತಿವಾದ್ಯ ಬರುವುದು ಎಡ್ವರ್ಡ್ ಎಲ್ಗರ್ 1899ರ ಹೊತ್ತಿಗೆ ರಚಿಸಿದ 'ಎನಿಗ್ಮಾ ವೇರಿಯೇಷನ್ಸ್'ನಿಂದ. ನೂರು ವರ್ಷದ ವಾದ್ಯವೃಂದದ ತುಣುಕಿನ ಕೆಳಗೆ ಯಂತ್ರದ ತಾಳ ಹಾಸಿದರೆ ಎರಡೂ ಹೊಸದಾಗುತ್ತವೆ ಎಂಬ ಪಾಠ ಆ ಕೆಲವು ನಿಮಿಷಗಳಲ್ಲೇ ಸಿಕ್ಕಿತು.

ಆದರೆ ಮ್ಯಾಟ್ರಿಕ್ಸ್ ಧ್ವನಿಮುದ್ರಿಕೆಯಲ್ಲಿ ಇರುವ 'ಸ್ಪೈಬ್ರೇಕ್'ನ ಹೆಸರಿಗೆ 'ಶಾರ್ಟ್ ಒನ್' ಎಂಬ ಬಾಲವಿದೆ. ಅದು ಸುಮಾರು ನಾಲ್ಕು ನಿಮಿಷದ್ದು. 1998ರ ಆಲ್ಬಮ್‌ನಲ್ಲಿರುವ ಮೂಲದ ಅವಧಿ ಸುಮಾರು ಏಳು ನಿಮಿಷ. ಆರ್ಬಿಟಲ್ ಅವರ 'ಹಾಲ್ಸಿಯನ್ + ಆನ್ + ಆನ್' 1995ರ 'ಹ್ಯಾಕರ್ಸ್', 'ಮಾರ್ಟಲ್ ಕಾಂಬ್ಯಾಟ್' ಎರಡರಲ್ಲೂ ಇದೆ. ಅದರ ಪೂರ್ಣ ರೂಪ ಒಂಬತ್ತು ನಿಮಿಷಕ್ಕೂ ಹೆಚ್ಚು. ಡ್ಯಾನಿ ಬಾಯ್ಲ್ ಅವರ 'ಟ್ರೈನ್‌ಸ್ಪಾಟಿಂಗ್' (1996) ಚಿತ್ರದ ಕೊನೆಗೆ ಬರುವ ಅಂಡರ್‌ವರ್ಲ್ಡ್ ಅವರ 'ಬಾರ್ನ್ ಸ್ಲಿಪಿ'ಯೂ ಸುಮಾರು ಹತ್ತು ನಿಮಿಷದ ಕೃತಿ. ಸಿನಿಮಾದಲ್ಲಿ ಇವೆಲ್ಲ ದೃಶ್ಯದ ಅಳತೆಗೆ ಕತ್ತರಿಸಿಕೊಂಡೇ ಬಂದವು.

ಈ ಕತ್ತರಿ ಯಾಕೆ ದೊಡ್ಡ ಮಾತು? ನೃತ್ಯಕ್ಕೆಂದೇ ಹುಟ್ಟಿದ ಈ ಸಂಗೀತದಲ್ಲಿ ಅರ್ಥ ಇರುವುದೇ ಅವಧಿಯಲ್ಲಿ. ನಿಮಿಷಕ್ಕೆ 120ರಿಂದ 140 ಬಡಿತ. ಎಂಟು, ಹದಿನಾರು, ಮೂವತ್ತೆರಡು ಆವರ್ತಗಳಿಗೊಮ್ಮೆ ಒಂದು ಪದರ ಸೇರುತ್ತದೆ, ಒಂದು ಕಳಚುತ್ತದೆ. ಫಿಲ್ಟರನ್ನು ನಿಧಾನವಾಗಿ ತೆರೆದಂತೆ ಮಂಕಾಗಿದ್ದ ದನಿ ಬೆಳಗುತ್ತಾ ಬರುತ್ತದೆ. ಆಮೇಲೆ ಬೇಸ್ ಡ್ರಮ್ ಪೂರಾ ನಿಂತು, ಕಾಯಿಸಿ, ಮತ್ತೆ ಬೀಳುತ್ತದೆ. ಆ ಬೀಳುವಿಕೆಯ ಸುಖ ಕಾದವನಿಗೆ ಮಾತ್ರ. ನಮ್ಮ ಕರಾವಳಿಯ ಮಂದಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಡೀ ರಾತ್ರಿಯ ಆಟಕ್ಕೂ ಮುಂಬಯಿಯ ಸಭಾಗೃಹಗಳಲ್ಲಿ ಮೂರು ಗಂಟೆಯಲ್ಲಿ ಮುಗಿಯುವ ಕಾಲಮಿತಿ ಯಕ್ಷಗಾನಕ್ಕೂ ಇರುವ ವ್ಯತ್ಯಾಸ ಬಲ್ಲವರು ಅವರು. ಪ್ರಸಂಗ ಅದೇ, ವೇಷ ಅದೇ, ಚೆಂಡೆಯೂ ಅದೇ. ನಸುಕಿನ ಹೊತ್ತಿಗೆ ಭಾಗವತರ ಪದಕ್ಕೆ ಏರುವ ಆ ಕಾವು ಮಾತ್ರ ಕಾಲಮಿತಿಯಲ್ಲಿ ಸಿಗುವುದಿಲ್ಲ. ಸಿನಿಮಾ ನಮಗೆ ಕೊಟ್ಟದ್ದು ಕಾಲಮಿತಿಯ ಟೆಕ್ನೋ.

ಹಿಂದಿ ಚಿತ್ರಗಳಲ್ಲಿ ಈ ಕತ್ತರಿ ಬೇರೆ ರೀತಿಯಲ್ಲಿ ಆಡಿತು. ಕಲ್ಯಾಣ್‌ಜಿ ಅವರ ಮಗ ವಿಜು ಶಾ ಸಿಂಥಸೈಜರನ್ನು ಒಳಹೊರಗೂ ಬಲ್ಲ ಸಂಗೀತಗಾರ. 1992ರ 'ವಿಶ್ವಾತ್ಮಾ' ಚಿತ್ರದ 'ಸಾತ್ ಸಮುಂದರ್' ಹಾಡಿನ ಹಿಂದೆ ಬ್ರಿಟನ್ನಿನ ಪೆಟ್ ಶಾಪ್ ಬಾಯ್ಸ್ ಅವರ 'ಹಾರ್ಟ್' ಗೀತೆಯ ನೆರಳಿದೆ. ಮೂಲದ ಹೆಸರು ತಿಳಿದಿದ್ದರೆ ಎಷ್ಟು ಮಂದಿ ಅದನ್ನು ಹುಡುಕಿಕೊಂಡು ಹೋಗುತ್ತಿದ್ದರೋ! ಹೆಸರು ಹೇಳದೆ ಎತ್ತಿಕೊಳ್ಳುವ ಆ ಕಾಲದ ರೂಢಿ ಕೇಳುಗನ ಮುಂದಿನ ಬಾಗಿಲನ್ನೇ ಮುಚ್ಚಿತು. ಅದನ್ನು ತಪ್ಪೆಂದೇ ಎಣಿಸಬೇಕು. 1997ರ 'ಗುಪ್ತ್' ವಿಜು ಶಾ ಅವರ ದೊಡ್ಡ ಕೆಲಸ. ಅದರ ಹಿನ್ನೆಲೆ ಸಂಗೀತಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆ ಹಾಡುಗಳ ಪೀಠಿಕೆ, ನಡುವಿನ ವಾದ್ಯಭಾಗಗಳನ್ನು ಇಂದಿಗೂ ಕೇಳಿ ನೋಡಿ; ಯಂತ್ರದ ದನಿಗಳಿಗೆ ಹಲ್ಲು ಇದೆ, ವೇಗವಿದೆ, ಅಂಜಿಕೆಯಿಲ್ಲ. ಹಾಡುಗಾರರು ಬಂದೊಡನೆ ಮಾತ್ರ ಅವೇ ದನಿಗಳು ಹಿಂದೆ ಸರಿದು ಪಕ್ಕವಾದ್ಯವಾಗುತ್ತವೆ. ಮುಖಡಾ, ಅಂತರಾ, ಮತ್ತೆ ಮುಖಡಾ ಎಂಬ ಹಳೆಯ ಚೌಕಟ್ಟಿನೊಳಗೆ ಹೊಸ ದನಿ ಬಾಡಿಗೆಗೆ ಕೂತಿತು. ಎ.ಆರ್. ರೆಹಮಾನ್ ಇದಕ್ಕಿಂತ ಮುಂದೆ ಹೋದರು. ತಮಿಳಿನ 1993ರ 'ತಿರುಡಾ ತಿರುಡಾ' ಚಿತ್ರದಲ್ಲಿ ಅನುಪಮಾ ಹಾಡಿದ ಗೀತೆಯಲ್ಲಿ ಗಾಯನವೇ ತಾಳದ ಪದರಗಳಲ್ಲಿ ಒಂದಾಗಿ ಬೆರೆಯುತ್ತದೆ. ಆ ದಶಕದ ಭಾರತೀಯ ಚಿತ್ರಗೀತೆಗಳಲ್ಲಿ ಈ ಸಂಗೀತದ ಒಳಮರ್ಮ ಮುಟ್ಟಿದ ಕೆಲವೇ ರಚನೆಗಳಲ್ಲಿ ಅದನ್ನು ನಾನು ಮೇಲೆ ಇಡುತ್ತೇನೆ.

ಕನ್ನಡದಲ್ಲಿ ಆ ಗಾಳಿ ಬೀಸಿದ್ದು ಗುರುಕಿರಣ್ ಅವರಿಂದ. ಮಂಗಳೂರಿನ ಈ ಹುಡುಗ ಸಂಗೀತ ನಿರ್ದೇಶಕನಾದದ್ದು ಉಪೇಂದ್ರ ಅವರ 'ಎ' ಚಿತ್ರದಿಂದ, 1998ರಲ್ಲಿ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದುಕೊಂಡದ್ದೂ ಅದೇ ವರ್ಷ. ಊರಿಗೆ ಹೋಗಿಬಂದವರ ಚೀಲದಲ್ಲಿ ಹಪ್ಪಳ, ಕುಚ್ಚಲಕ್ಕಿಯ ಜೊತೆ ಕ್ಯಾಸೆಟ್ಟೂ ಡೊಂಬಿವಲಿಗೆ ಬರುತ್ತಿದ್ದ ಕಾಲ. ಮರುವರ್ಷದ 'ಉಪೇಂದ್ರ'ದಲ್ಲಿ ಲೂಪ್ ಮಾಡಿದ ತಾಳ, ಸಿಂಥ್‌ನ ಚೂಪು ದನಿ, ಬೀದಿಯ ಆಡುಮಾತು ಮೂರೂ ಒಂದಾದವು. ನೃತ್ಯ ಸಂಗೀತವಾಗಿ ನೋಡಿದರೆ ಅವೂ ನಾಲ್ಕೈದು ನಿಮಿಷದ ಹಾಡುಗಳೇ. ಆದರೆ ಮನೆಮಾತಿನಲ್ಲೇ ಆ ದನಿ ಕೇಳಿಸಿದ್ದರಿಂದ, ಹಿಂದಿ ಮರಾಠಿ ಗೆಳೆಯರ ನಡುವೆ ಕನ್ನಡ ಹಾಡು ಹಾಕಲು ಹಿಂಜರಿಯುತ್ತಿದ್ದ ಇಲ್ಲಿನ ಹುಡುಗರಿಗೆ ಧೈರ್ಯ ಬಂತು. ಅದು ದೊಡ್ಡ ಉಪಕಾರ.

ಇನ್ನು ಊರಿನ ಮಾತು. ತೆರೆಯ ಮೇಲೆ ಈ ಸಂಗೀತ ಎಲ್ಲೆಲ್ಲಿ ಕೇಳಿಸಿತು ಎಂದು ಪಟ್ಟಿ ಮಾಡಿ. 'ಬ್ಲೇಡ್' (1998) ಚಿತ್ರದಲ್ಲಿ ರಕ್ತದ ಮಳೆ ಸುರಿಯುವ ಪಿಶಾಚಿಗಳ ಕುಣಿತದಲ್ಲಿ. 'ಟ್ರೈನ್‌ಸ್ಪಾಟಿಂಗ್'ನಲ್ಲಿ ಹೆರಾಯಿನ್ ವ್ಯಸನಿಗಳ ನಡುವೆ. 'ಗುಪ್ತ್'ನಲ್ಲಿ ಕೊಲೆಯ ಸುತ್ತ. ಮ್ಯಾಟ್ರಿಕ್ಸ್‌ನಲ್ಲಿ ಬಂದೂಕಿನ ಜೊತೆ. ಹೀಗೆ ಯಂತ್ರದ ತಾಳ ಎಂದರೆ ಪಾತಾಳಲೋಕ ಎಂಬ ಭಾವ ಬೇರೂರಿತು. ಹೆತ್ತವರು ಮೂಗು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ.

ನಿಜ ಸಂಗತಿ ಬೇರೆಯೇ. ಡೆಟ್ರಾಯ್ಟ್ ಟೆಕ್ನೋ ಕಟ್ಟಿದ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಒಟ್ಟಿಗೆ ಓದಿದ್ದು ಡೆಟ್ರಾಯ್ಟಿನಿಂದ ದೂರದ ಬೆಲ್ವಿಲ್ ಎಂಬ ಸಣ್ಣ ಊರಲ್ಲಿ. ಅಂಡರ್‌ವರ್ಲ್ಡ್ ತಂಡ ಕೆಲಸ ಮಾಡಿದ್ದು ಲಂಡನ್ನಿನ ಅಂಚಿನ ರಾಮ್‌ಫರ್ಡ್‌ನಲ್ಲಿ. 'ಬಾರ್ನ್ ಸ್ಲಿಪಿ' ಎಂಬುದು ಅಲ್ಲಿನ ಪಂದ್ಯದ ನಾಯಿಯೊಂದರ ಹೆಸರು. ಆ ಹಾಡಿನ ಮಾತುಗಳಲ್ಲಿ ಇರುವುದು ನಗರದಲ್ಲಿ ಕುಡಿದು ರಾತ್ರಿ ಉಪನಗರಕ್ಕೆ ಮರಳುವವನ ಚೂರುಚೂರು ಪ್ರಜ್ಞೆ. ಪ್ರಾಡಿಜಿ ತಂಡದ್ದು ಎಸೆಕ್ಸ್‌ನ ಬ್ರೇನ್‌ಟ್ರೀ. ಆರ್ಬಿಟಲ್ ಎಂಬ ಹೆಸರು ಬಂದದ್ದು ಲಂಡನ್ನಿನ ಹೊರವರ್ತುಲ ರಸ್ತೆ ಎಂ25ರಿಂದ. ಆ ರಸ್ತೆ ಹಿಡಿದೇ ಹುಡುಗರು ಗದ್ದೆಬಯಲಿನ ಕುಣಿತಗಳಿಗೆ ಹೋಗುತ್ತಿದ್ದರು. ಅಂದರೆ ಇದು ಮಹಾನಗರದ ಅಂಚಿನವರು, ಬೆಳಗಾದರೆ ಗಾಡಿ ಹಿಡಿಯುವವರು, ಮನೆಯ ಸಣ್ಣ ಕೋಣೆಯಲ್ಲಿ ಅಗ್ಗದ ಯಂತ್ರವಿಟ್ಟುಕೊಂಡು ಕಟ್ಟಿದ ಸಂಗೀತ. ಡೊಂಬಿವಲಿಯವನಿಗೆ ಇದಕ್ಕಿಂತ ಹತ್ತಿರದ ನೆಂಟ ಬೇರೆ ಇರಲಿಲ್ಲ. ಸಿನಿಮಾ ಆ ನೆಂಟಸ್ತಿಕೆ ಹೇಳಲಿಲ್ಲ.

ಮುಂಬಯಿಯ ಪಾಲನ್ನೂ ಯಾರೂ ಹೇಳಲಿಲ್ಲ. ಹಿಂದಿ ಚಿತ್ರಗಳ ಧ್ವನಿಮುದ್ರಣದಲ್ಲಿ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ಒಂದು ರೆಕಾರ್ಡ್ ಮಾಡಿದರು. ಅದೇ 303ರ ದನಿಯಿಂದ ಷಿಕಾಗೋದ ಫ್ಯೂಚರ್ ತಂಡ 'ಆ್ಯಸಿಡ್ ಟ್ರ್ಯಾಕ್ಸ್' ತಂದದ್ದು 1987ರಲ್ಲಿ. ಚರಣ್‌ಜಿತ್ ಅವರ ರೆಕಾರ್ಡ್ ಆಗ ಮಾರಾಟವಾಗಲಿಲ್ಲ. 2010ರಲ್ಲಿ ಅದು ಮರುಮುದ್ರಣಗೊಂಡ ಮೇಲೆ ಜಗತ್ತು ಬೆರಗಾಯಿತು. ಸಿನಿಮಾ ಸ್ಟುಡಿಯೋದ ಪಕ್ಕವಾದ್ಯಗಾರರ ಹೆಸರನ್ನು ಕ್ಯಾಸೆಟ್ಟಿನ ಮೇಲೆ ಅಚ್ಚು ಹಾಕದ ಉದ್ಯಮ ಇಂಥವರನ್ನು ಮರೆಸಿತು.

ಸಿನಿಮಾ ಈ ಸಂಗೀತಕ್ಕೆ ನ್ಯಾಯ ಕೊಟ್ಟ ಉದಾಹರಣೆಯೂ ಇದೆ. ಜರ್ಮನಿಯ ಟಾಮ್ ಟಿಕ್ವರ್ ಅವರ 'ರನ್ ಲೋಲಾ ರನ್' (1998) ಸುಮಾರು 80 ನಿಮಿಷದ ಚಿತ್ರ. ಸಂಗೀತವೂ ನಿರ್ದೇಶಕರದೇ, ಜಾನಿ ಕ್ಲಿಮೆಕ್ ಮತ್ತು ರೈನ್‌ಹೋಲ್ಡ್ ಹೈಲ್ ಜೊತೆ ಸೇರಿ. ಪ್ರಿಯಕರನನ್ನು ಉಳಿಸಲು ಲೋಲಾ ಒಂದೇ ಓಟವನ್ನು ಮೂರು ಸಲ ಓಡುತ್ತಾಳೆ; ಪ್ರತಿ ಸಲವೂ ಸಣ್ಣದೊಂದು ಬದಲಾವಣೆ, ಅದರಿಂದ ಬೇರೆಯೇ ಫಲ. ಪುನರಾವರ್ತನೆಯೊಳಗಿನ ಸಣ್ಣ ಬದಲಾವಣೆಯೇ ಟೆಕ್ನೋದ ಜೀವ. ಅದನ್ನು ಕಥೆಯ ಕಟ್ಟಡವಾಗಿಸಿದ್ದರಿಂದ ಅಲ್ಲಿ ಕತ್ತರಿ ಆಡುವ ಪ್ರಮೇಯವೇ ಬರಲಿಲ್ಲ.

ನಮ್ಮ ಉಪನಗರಗಳಲ್ಲಿ ಅವಧಿಯನ್ನು ಮರಳಿ ಕೊಟ್ಟದ್ದು ಬೀದಿ. ಗಣಪತಿ ವಿಸರ್ಜನೆ, ದಹಿಹಂಡಿಗಳ ಡಿಜೆ ಗಾಡಿಗಳ ಮುಂದೆ ಅದೇ ಚಿತ್ರಗೀತೆಗಳು ಪಲ್ಲವಿ ಚರಣ ಕಳಚಿ, ಬರೀ ತಾಳವಾಗಿ, ಗಂಟೆಗಟ್ಟಲೆ ನಡೆದವು. ಕ್ಲಬ್ಬಿನ ಬಾಗಿಲು ಕಾಣದವರು ಅಲ್ಲಿ ಕುಣಿದರು. ಆ ಸಂತೋಷ ಅಸಲಿ. ಅದರ ಬೆಲೆಯೂ ಅಸಲಿ. ಎದೆಗೂಡು ನಡುಗಿಸುವ ಸದ್ದು ರೋಗಿಗಳ, ಮುದುಕರ, ಮಕ್ಕಳ ನಿದ್ದೆ ಕಸಿಯಿತು. ವಸತಿ ಪ್ರದೇಶಕ್ಕೆ ನಿಯಮ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತದೆ. ಥಾಣೆಯ ಡಾ. ಮಹೇಶ್ ಬೆಡೇಕರ್ ಇದಕ್ಕಾಗಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಅವರ ಕಡೆ ನ್ಯಾಯವಿದೆ. ಸದ್ದಿನ ಅತಿಯನ್ನು ಸಂಗೀತದ ಗುಣವೆಂದು ಸಮರ್ಥಿಸಲಾಗದು.

ಹಾಗಾದರೆ ಬೇಕಾದದ್ದು ಏನು? ಹದವಾದ ಸದ್ದು, ಪೂರ್ತಿ ಅವಧಿ, ಲೋಕಲ್ ತಪ್ಪದ ಹೊತ್ತು. ಈ ಮೂರೂ ನಮ್ಮ ಊರುಗಳಲ್ಲೇ ಸಾಧ್ಯ. ಥಾಣೆಯ ಗಡ್ಕರಿ ರಂಗಾಯತನ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಗೃಹ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ. ನಾಟಕ, ಯಕ್ಷಗಾನಕ್ಕೆ ಇಂಥ ರಂಗಮಂದಿರ ಹಿಡಿಯುವುದು ನಮ್ಮ ಸಂಘಗಳಿಗೆ ಹೊಸದಲ್ಲ. ಭಾನುವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ಅಂಥ ಒಂದು ರಂಗಮಂದಿರವನ್ನು, ಕುಣಿಯಬೇಕೆಂದರೆ ಶಾಲೆಯ ಸಭಾಂಗಣವೊಂದನ್ನು, ಲ್ಯಾಪ್‌ಟಾಪಿನಲ್ಲಿ ಸಂಗೀತ ಕಟ್ಟುವ ಇಲ್ಲಿನ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಲಿ. ಹಿರಿಯರೂ ಬಂದು ಕೂರಲಿ. ಸಿನಿಮಾ ಮೊದಲ ನಾಲ್ಕು ನಿಮಿಷ ಕೇಳಿಸಿದ ಋಣ ತೀರುವುದು ಉಳಿದದ್ದನ್ನು ನಾವೇ ಕೇಳಿಸಿಕೊಂಡಾಗ.