ಯಾಸ್ಕನ ‘ಶ್ಲೇಷ್ಮ’ ಶಬ್ದ

ಋಗ್ವೇದದ ಆರನೆಯ ಮಂಡಲದ 75ನೆಯ ಸೂಕ್ತವು ಬಾಣವನ್ನು ‘ಗೋ’ಗಳಿಂದ ಬಿಗಿದುದೆಂದು ಸ್ತುತಿಸುತ್ತದೆ. ಇಲ್ಲಿ ‘ಗೋ’ ಶಬ್ದಕ್ಕೆ ಸ್ನಾವ, ಶ್ಲೇಷ್ಮ ಎಂದು ಯಾಸ್ಕನು ನಿರುಕ್ತದಲ್ಲಿ ಅರ್ಥಮಾಡಿರುವನು. ಸ್ನಾವವು ಸ್ನಾಯುವೆಂಬುದು ನಿರ್ವಿವಾದ. ಶ್ಲೇಷ್ಮವನ್ನು ಕಫವೆನ್ನುವುದು ಮಾತ್ರ ವೈದ್ಯರ ರೂಢಿಯನ್ನು ಬಿಲ್ಲುಗಾರನ ಮೇಲೆ ಹೇರಿದಂತೆ. ಕಫದಿಂದ ಬಾಣ ಬಿಗಿದವರುಂಟೆ? ಐತರೇಯ ಬ್ರಾಹ್ಮಣದಲ್ಲಿ ಈ ಶಬ್ದವು ಬಿಟ್ಟುಹೋದ ಚರ್ಮವಸ್ತುವನ್ನು ಬೆಸೆಯುವ ಸಾಧನವಾಗಿ ಬಂದಿದೆ. ಆದಕಾರಣ ಗೋವಿನಿಂದಾದ ಅಂಟೆಂಬ ಅರ್ಥವೇ ಯುಕ್ತ.

ವಸ್ತುಸಾಕ್ಷ್ಯವೂ ಇದಕ್ಕೆ ಅನುಕೂಲವಾಗಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿ ಪೂರ್ಣಗೊಂಡ ಬಾಣಗಳು ಎರಡೇ. ಅವುಗಳ ಚಕಮಕಿಕಲ್ಲಿನ ಮೊನೆಯನ್ನು ಮರದ ಕೋಲಿಗೆ ಭೂರ್ಜದ ಅಂಟಿನಿಂದ ಕೂಡಿಸಿ ದಾರದಿಂದ ಸುತ್ತಿದೆ. ದೇಶ ಬೇರೆ, ದ್ರವ್ಯ ಬೇರೆ. ಸೂಕ್ತದ ಮೊನೆಯೂ ಕಲ್ಲಿನದಲ್ಲ, ಕೊಂಬು ಲೋಹಗಳದು. ಕ್ರಮವೊಂದೇ: ಅಂಟು, ಅದರ ಮೇಲೆ ಕಟ್ಟು.