ಶಗಾಲನ ಪೆಟ್ಟಿಗೆಗೆ ಜಾಗವಿಲ್ಲ

'ರಕ್ತ ಹೀರುವವರು' ಅಂತ ನಾವೆಲ್ಲ ಬರೆದಿದ್ದೇವೆ. ನಾನೂ ಬರೆದಿದ್ದೇನೆ. ನನ್ನ ಪದ್ಯಗಳನ್ನು ತೆಗೆದು ನೋಡಿದರೆ ಸಾಹುಕಾರ, ಜಮೀನ್ದಾರ, ಮಂತ್ರಿ, ಕಂಟ್ರಾಕ್ಟರ್ ಎಲ್ಲರೂ ಸಾಲಾಗಿ ಕೂತು ನೆತ್ತರು ಹೀರುತ್ತಿದ್ದಾರೆ. ಸಭೆಯಲ್ಲಿ ಓದಿದರೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಹೀರುವುದು ಹೇಗೆ? ಮೊದಲು ಯಾರ ಕೊರಳು? ಕಚ್ಚಿಸಿಕೊಂಡವನು ಮಾರನೆಯ ರಾತ್ರಿ ಎದ್ದು ಎಲ್ಲಿಗೆ ಹೋಗುತ್ತಾನೆ? ಇದನ್ನು ನನ್ನ ಪದ್ಯ ಒಂದು ದಿನವೂ ಕೇಳಿರಲಿಲ್ಲ. ಈ ಪ್ರಶ್ನೆಗಳನ್ನು ನನ್ನ ಮುಂದೆ ತಂದಿಟ್ಟದ್ದು ಯಾವ ಸಿದ್ಧಾಂತದ ಪುಸ್ತಕವೂ ಅಲ್ಲ. ನಗಿಸುವುದಕ್ಕೆ ಅಂತಲೇ ಮಾಡಿದ ಒಂದು ದೆವ್ವದ ಸಿನಿಮಾ.

ಚಿತ್ರದ ಹೆಸರು 'ಡಾನ್ಸ್ ಆಫ್ ದಿ ವ್ಯಾಂಪೈರ್ಸ್'. 1967ರದು. ಅಮೆರಿಕದಲ್ಲಿ ಇದಕ್ಕೆ 'ದಿ ಫಿಯರ್‌ಲೆಸ್ ವ್ಯಾಂಪೈರ್ ಕಿಲ್ಲರ್ಸ್' ಅಂತ ಬೇರೆ ಹೆಸರಿಟ್ಟು, ಕತ್ತರಿ ಹಾಕಿ, ದನಿಗಳನ್ನು ಬದಲಿಸಿ, ಮುಂದೆ ಒಂದು ಕಾರ್ಟೂನು ಅಂಟಿಸಿ ಬಿಟ್ಟರು. ದುಡ್ಡು ಹಾಕಿದವರಿಗೆ ನಗು ಅಂದರೆ ಅಷ್ಟೇ ಗೊತ್ತು. ನಿರ್ದೇಶಕ ರೋಮನ್ ಪೊಲಾನ್ಸ್ಕಿ. ಕತೆ ಬರೆದವರು ಅವನು ಮತ್ತು ಜೆರಾರ್ ಬ್ರಾಷ್. ಡಗ್ಲಸ್ ಸ್ಲೋಕಂಬ್ ಕ್ಯಾಮೆರಾ ಹಿಡಿದಿದ್ದಾನೆ. ಹಿಮದ ಮೇಲೆ ಬಿದ್ದ ಬೆಳದಿಂಗಳನ್ನು ನೀಲಿ ಮಾಡಿ ಮೈ ಕೊರೆಯುವಂತೆ ತೋರಿಸುತ್ತಾನೆ. ಹಾಸ್ಟೆಲಿನ ರೂಮಿನಲ್ಲಿ ಒಂದು ಲ್ಯಾಪ್‌ಟಾಪಿನ ಸುತ್ತ ಏಳು ಜನ ಕೂತು ನೋಡಿದ್ದು ನಾವು. ದೊಡ್ಡ ಪರದೆಯಲ್ಲಿ ನೋಡಿದವರ ಪುಣ್ಯ ದೊಡ್ಡದಿರಬೇಕು.

ಕತೆ ಸಣ್ಣದು. ಕೋನಿಗ್ಸ್‌ಬರ್ಗಿನ ಪ್ರೊಫೆಸರ್ ಅಬ್ರೋನ್ಸಿಯಸ್ ಎಂಬ ಮುದುಕ, ಚೀಲ ಹೊರುವ ಶಿಷ್ಯ ಆಲ್ಫ್ರೆಡ್. ಇಬ್ಬರೂ ರಕ್ತಪಿಶಾಚಿಗಳನ್ನು ಹುಡುಕಿಕೊಂಡು ಟ್ರಾನ್ಸಿಲ್ವೇನಿಯದ ಹಿಮದ ಹಳ್ಳಿಗೆ ಬರುತ್ತಾರೆ. ಶಗಾಲ್ ಎಂಬುವನ ತಂಗುಮನೆಯಲ್ಲಿ ಇಳಿಯುತ್ತಾರೆ. ಮನೆ ತುಂಬ ಬೆಳ್ಳುಳ್ಳಿ ಗೊಂಚಲು ನೇತುಬಿದ್ದಿದೆ. ಇದ್ಯಾಕೆ ಅಂತ ಪ್ರೊಫೆಸರ್ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಇಲ್ಲಿ ಹತ್ತಿರ ಕೋಟೆ ಏನಾದರೂ ಇದೆಯೋ? ಇಲ್ಲ ಸ್ವಾಮಿ, ಕೋಟೆ ಗೀಟೆ ಏನೂ ಇಲ್ಲ. ಒಬ್ಬ ಬುದ್ಧಿ ಕಮ್ಮಿಯವನು ಮಾತ್ರ ನಿಜ ಹೇಳಲು ಬಾಯಿ ತೆಗೆಯುತ್ತಾನೆ, ಪಕ್ಕದವರು ಮುಚ್ಚಿಸುತ್ತಾರೆ. ಆಮೇಲೆ ಅದೇ ಕೋಟೆಯ ಆಳು, ಗೂನು ಬೆನ್ನಿನ ಕೌಕೊಲ್, ಮೇಣದ ಬತ್ತಿ ಕೊಳ್ಳಲು ಅಲ್ಲಿಗೇ ಬರುತ್ತಾನೆ! ವ್ಯಾಪಾರ ಉಂಟು, ಕೋಟೆ ಇಲ್ಲ. ಈ ದೃಶ್ಯಕ್ಕೆ ನಾವು ನಕ್ಕ ನಗು ಬೇರೆ ಥರದ್ದು. ಹಳ್ಳಿಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆಯ ಒಡೆಯ ಕೌಂಟ್ ಫಾನ್ ಕ್ರೊಲಾಕ್. ಫರ್ಡಿ ಮೇನ್ ಎಂಬ ನಟ ಇವನನ್ನು ಎಷ್ಟು ಗಂಭೀರವಾಗಿ ಮಾಡಿದ್ದಾನೆಂದರೆ ಚಿತ್ರದಲ್ಲಿ ಎಲ್ಲರೂ ಜಾರುತ್ತಾರೆ, ಬೀಳುತ್ತಾರೆ, ಇವನೊಬ್ಬ ಬೀಳುವುದಿಲ್ಲ. ಶಗಾಲನ ಮಗಳು ಸಾರಾ ಸ್ನಾನದ ತೊಟ್ಟಿಯಲ್ಲಿರುವಾಗ ಮಾಡಿನ ಕಿಂಡಿಯಿಂದ ಹಿಮ ಉದುರುತ್ತದೆ, ಹಿಂದೆಯೇ ಕೌಂಟ್ ಇಳಿಯುತ್ತಾನೆ. ಹುಡುಗಿ ಮಾಯ. ಮಗಳನ್ನು ಹುಡುಕಲು ಶಗಾಲ್ ಕತ್ತಲಿಗೆ ಓಡುತ್ತಾನೆ. ಬೆಳಿಗ್ಗೆ ಹಳ್ಳಿಯವರು ಅವನ ಹೆಣವನ್ನು ಕಟ್ಟಿಗೆ ಥರ ಸೆಟೆದದ್ದನ್ನು ಹೊತ್ತು ತರುತ್ತಾರೆ. ತೋಳ ಕಚ್ಚಿತು ಅಂತಾರೆ. ಮೈಯಲ್ಲಿ ನೆತ್ತರಿಲ್ಲ.

ಈಗ ಶಗಾಲ್ ಯಾರು ನೋಡಿ. ಅವನು ಯಹೂದಿ. ಹಳ್ಳಿಯ ಅಂಚಿನಲ್ಲಿ ಹೆಂಡ ಮಾರಿಕೊಂಡು, ಬಂದವರಿಗೆಲ್ಲ ಹಲ್ಲು ಗಿಂಜಿಕೊಂಡು ಬದುಕುವವನು. ಸತ್ತು ಪಿಶಾಚಿಯಾಗಿ ಎದ್ದು ಮನೆಗೆಲಸದ ಮಾಗ್ದಾಳ ಕೋಣೆಗೆ ನುಗ್ಗುತ್ತಾನೆ. ಅವಳು ಶಿಲುಬೆ ಹಿಡಿದು ತೋರಿಸುತ್ತಾಳೆ. ಅವನು ನಗುತ್ತಾನೆ. ಇದು ನನಗೆ ತಾಕುವ ಸಾಮಾನಲ್ಲ ಕಣಮ್ಮ, ನೀನು ಆಳು ತಪ್ಪಿ ತೋರಿಸ್ತಿದ್ದೀಯ ಅನ್ನುವ ಅರ್ಥದ ಒಂದು ಮಾತು. ಈ ಚಿತ್ರದ ಬಗ್ಗೆ ಮಾತಾಡುವವರೆಲ್ಲ ಎತ್ತಿ ಹೇಳುವ ನಗೆಚಟಾಕಿ ಇದೇ. ನಾವೂ ನಕ್ಕೆವು.

ಆದರೆ ಈ ನಗುವಿನ ಕೆಳಗೆ ಒಂದು ಹಳೆಯ ಸುಳ್ಳು ಹೂತುಹೋಗಿದೆ. ಯಹೂದಿಗಳು ಕ್ರೈಸ್ತ ಮಕ್ಕಳ ರಕ್ತ ತೆಗೆಯುತ್ತಾರೆ ಎಂದು ಯುರೋಪು ನೂರಾರು ವರ್ಷ ಹೇಳಿಕೊಂಡು ಬಂತು. ಈ ಸುಳ್ಳಿನ ಮೇಲೆ ಕೇರಿ ಕೇರಿಗಳನ್ನು ಸುಟ್ಟಿದ್ದಾರೆ. ಹಿಟ್ಲರ್ ಸತ್ತ ಮೇಲೂ, 1946ರ ಜುಲೈನಲ್ಲಿ, ಪೋಲೆಂಡಿನ ಕೀಲ್ಟ್ಸೆ ಪಟ್ಟಣದಲ್ಲಿ ಹುಡುಗನೊಬ್ಬನನ್ನು ಯಹೂದಿಗಳು ಹಿಡಿದಿಟ್ಟರೆಂಬ ಸುಳ್ಳು ಸುದ್ದಿಗೆ ಜನ ಗುಂಪುಗೂಡಿ, ನಾಜಿ ಶಿಬಿರಗಳಿಂದ ಬದುಕಿ ಬಂದಿದ್ದವರೂ ಸೇರಿದಂತೆ 40ಕ್ಕೂ ಹೆಚ್ಚು ಯಹೂದಿಗಳನ್ನು ಕೊಂದರು. ಆಗ ಪೊಲಾನ್ಸ್ಕಿ ಅದೇ ದೇಶದಲ್ಲಿದ್ದ ಹನ್ನೆರಡು ವರ್ಷದ ಯಹೂದಿ ಹುಡುಗ. ಕ್ರಾಕೋವಿನ ಘೆಟ್ಟೋದಿಂದ ತಪ್ಪಿಸಿಕೊಂಡು ಉಳಿದವನು. ತಾಯಿಯನ್ನು ಆಷ್‌ವಿಟ್ಸ್‌ನಲ್ಲಿ ಕೊಂದಿದ್ದರು. ಪೋಲೆಂಡಿನ 30 ಲಕ್ಷದಷ್ಟು ಯಹೂದಿಗಳು ಆ ಯುದ್ಧದಲ್ಲಿ ಇಲ್ಲವಾದರು. ಅಂಥವನು ತನ್ನ ಜನರಲ್ಲೊಬ್ಬನನ್ನೇ ರಕ್ತ ಕುಡಿಯುವವನನ್ನಾಗಿ ಪರದೆಗೆ ತರುತ್ತಾನೆಂದರೆ ಅದಕ್ಕೆ ಎದೆ ಬೇಕು. ಬೈಗುಳವನ್ನೇ ಕಸಿದುಕೊಂಡು ಬೈದವನ ಎದುರಿಗೆ ಹಿಡಿಯುವ ಕೆಲಸ ಇದು. ನಮಗೂ ಗೊತ್ತಿರುವ ಕೆಲಸವೇ. ಜಾತಿಯ ಹೆಸರಿಟ್ಟು ಬೈದದ್ದನ್ನು ಪದ್ಯದ ತಲೆಬರಹ ಮಾಡಿದವರು ನಮ್ಮಲ್ಲಿದ್ದಾರೆ.

ಶಗಾಲ್ ಎಂಬ ಹೆಸರು ಕೇಳಿದರೇ ವಿಟೆಬ್ಸ್ಕಿನ ಯಹೂದಿ ಚಿತ್ರಕಾರ ಮಾರ್ಕ್ ಶಗಾಲ್ ನೆನಪಾಗುತ್ತಾನೆ. ಆ ತಂಗುಮನೆ, ಬೆಚ್ಚಗಿನ ಒಲೆ, ಹೆಂಡತಿಯ ಕೂಗಾಟ, ಮರದ ಮಾಡು ಎಲ್ಲ ಒಂದು ಅಳಿಸಿಹೋದ ಊರಿನ ಗುರುತು. ನಗುನಗುತ್ತಲೇ ಅದನ್ನು ಮತ್ತೆ ಕಟ್ಟಿದ್ದಾನೆ ನಿರ್ದೇಶಕ.

ಇನ್ನು ಪೆಟ್ಟಿಗೆಯ ವಿಷಯ. ನಾನು ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಪಿಶಾಚಿಯಾದ ಶಗಾಲ್ ಕೋಟೆ ಸೇರುತ್ತಾನೆ. ಕೋಟೆಯಲ್ಲಿ ಸಮಾಧಿ ಕೋಣೆಯಿದೆ. ಕೌಂಟನೂ ಅವನ ಮಗ ಹರ್ಬರ್ಟನೂ ಹಗಲು ಅಲ್ಲಿ ಸೊಗಸಾದ ಶವಪೆಟ್ಟಿಗೆಗಳಲ್ಲಿ ಮಲಗುತ್ತಾರೆ. ಶಗಾಲನೂ ತನ್ನ ಪೆಟ್ಟಿಗೆಯನ್ನು ಅಲ್ಲೇ ಇಡಲು ನೋಡುತ್ತಾನೆ. ನ್ಯಾಯವೇ ತಾನೆ? ಕುಡಿಯುವುದು ಅದೇ ನೆತ್ತರು, ಹೆದರುವುದು ಅದೇ ಬಿಸಿಲಿಗೆ, ಅವನನ್ನು ಪಿಶಾಚಿ ಮಾಡಿದ್ದೂ ಈ ಕೋಟೆಯ ಹಲ್ಲೇ. ಆದರೆ ಇಲ್ಲ. ಕೌಕೊಲ್ ಬಂದು ಆ ಬಡ ಪೆಟ್ಟಿಗೆಯನ್ನು ಹೊರಗೆಳೆದು ಕುದುರೆ ಲಾಯಕ್ಕೆ ಸಾಗಿಸುತ್ತಾನೆ. ಶಗಾಲ್ ಗೊಣಗುತ್ತಾನೆ, ಬೇಡಿಕೊಳ್ಳುತ್ತಾನೆ. ಕೇಳುವವರಿಲ್ಲ.

ಇದನ್ನೂ ನಗುವುದಕ್ಕೇ ಇಟ್ಟಿದ್ದಾರೆ. ನಮ್ಮ ರೂಮಿನಲ್ಲಿ ನಗು ಅರ್ಧಕ್ಕೆ ನಿಂತಿತು. ಪಿಯುಸಿ ಓದುವ ಹುಡುಗನೊಬ್ಬ, "ಅಣ್ಣಾ, ಸತ್ತ ಮೇಲೂನಾ?" ಅಂದ. ಯಾರೂ ಉತ್ತರ ಕೊಡಲಿಲ್ಲ. ಸುಡುಗಾಡಿಗೆ ದಾರಿ ಬಿಡದ ಊರುಗಳಿಂದ ಬಂದವರು ಆ ಏಳು ಜನರಲ್ಲಿ ಇಬ್ಬರಾದರೂ ಇದ್ದರು.

ಮಾರ್ಕ್ಸ್ 1867ರ 'ಬಂಡವಾಳ'ದಲ್ಲಿ ಬಂಡವಾಳವನ್ನು ಜೀವಂತ ದುಡಿಮೆಯ ರಕ್ತ ಕುಡಿಯುವ ಪಿಶಾಚಿಗೆ ಹೋಲಿಸಿದ್ದಾನೆ. ಸರಿಯಾಗಿ ನೂರು ವರ್ಷಕ್ಕೆ ಈ ಚಿತ್ರ ಬಂತು. ಮಾರ್ಕ್ಸನ ಹೋಲಿಕೆಯಲ್ಲಿ ಹೀರುವವನು ಒಂದು ಕಡೆ, ಹೀರಿಸಿಕೊಳ್ಳುವವನು ಇನ್ನೊಂದು ಕಡೆ. ನಾವು ಪದ್ಯ ಬರೆಯುವವರು ಅಷ್ಟನ್ನೇ ತೆಗೆದುಕೊಂಡೆವು. ಪೊಲಾನ್ಸ್ಕಿಯ ಕೋಟೆಯಲ್ಲಿ ಹೀರುವವರೊಳಗೇ ಮೇಲು ಕೀಳು ಇದೆ. ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದು ಜಾತಿಯ ಬುಡ ತೋರಿಸಿದರು. ಈ ಚಿತ್ರ ಮಾಡಿದವನಿಗೆ ಅಂಬೇಡ್ಕರ್ ಗೊತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಘೆಟ್ಟೋದ ಗೋಡೆ ನೋಡಿದ ಕಣ್ಣಿಗೆ ಕೆಲವು ಸಂಗತಿ ತಾನಾಗೇ ಕಾಣುತ್ತವೆ.

ಇನ್ನೂ ಒಂದು ಮಾತು, ಇದು ನಮಗೆ ಕಹಿ. ಶಗಾಲ್ ಎದ್ದೊಡನೆ ಯಾರನ್ನು ಕಚ್ಚಿದ? ತನ್ನನ್ನು ಕೊಂದ ಕೌಂಟನನ್ನಲ್ಲ. ನಿಜ ಮುಚ್ಚಿಟ್ಟ ಊರವರನ್ನೂ ಅಲ್ಲ. ತನ್ನ ಮನೆಯಲ್ಲೇ ಕಸ ಗುಡಿಸುವ ಮಾಗ್ದಾಳನ್ನು. ಬದುಕಿದ್ದಾಗಲೂ ಹೆಂಡತಿ ನಿದ್ದೆ ಹೋದಳೆಂದರೆ ಕಳ್ಳಹೆಜ್ಜೆಯಲ್ಲಿ ಅವಳ ಕೋಣೆ ಕಡೆಗೇ ಹೋಗುತ್ತಿದ್ದವನು. ಸಾವು ಅವನಿಗೆ ಹೊಸ ಆಸೆಯನ್ನೇನೂ ಕೊಡಲಿಲ್ಲ, ಹಲ್ಲು ಕೊಟ್ಟಿತು ಅಷ್ಟೆ. ಮೇಲಿನಿಂದ ಬಿದ್ದ ಕಚ್ಚು ಕೆಳಕ್ಕೆ ಇಳಿಯುತ್ತದೆ, ಕೊನೆಗೆ ಒಬ್ಬ ಕೆಲಸದ ಹೆಂಗಸಿನ ಕೊರಳಲ್ಲಿ ನಿಲ್ಲುತ್ತದೆ. ನನ್ನ ಪದ್ಯಗಳಲ್ಲಿ ಈ ಮಾಗ್ದಾ ಇಲ್ಲ. ನಮ್ಮ ಎಷ್ಟು ಜನರ ಪದ್ಯಗಳಲ್ಲಿದ್ದಾಳೆ?

ಚಿತ್ರದ ಕೊನೆಯ ಭಾಗದ ಕುಣಿತಕ್ಕೆ ಬರುತ್ತೇನೆ. ಸ್ಮಶಾನದ ಕಲ್ಲುಗಳು ಸರಿದು, ಬೇರೆ ಬೇರೆ ಶತಮಾನದ ಜರಿ ಬಟ್ಟೆ ತೊಟ್ಟ ಕುಲೀನರು ಧೂಳು ಕೊಡವಿಕೊಂಡು ಎದ್ದು ಬರುತ್ತಾರೆ. ಕೌಂಟ್ ಅವರಿಗೆ ಭಾಷಣ ಮಾಡುತ್ತಾನೆ, ಥೇಟು ಪಾದ್ರಿಯ ಹಾಗೆ. ಹೋದ ವರ್ಷ ಇದೇ ರಾತ್ರಿ ನಾವೆಲ್ಲ ಸೇರಿದ್ದಾಗ ನಮಗೆ ಸಿಕ್ಕಿದ್ದು ಒಬ್ಬ ಬಡಕಲು ಸೌದೆ ಕಡಿಯುವವ ಮಾತ್ರ, ಎಷ್ಟು ಬೇಸರದಲ್ಲಿದ್ದೆವು ನೆನಪಿದೆಯೇ ಅಂತ. ಕುಲೀನರು ಮರುಗುತ್ತಾರೆ. ಯಾರಿಗಾಗಿ? ಸೌದೆಯವನಿಗಾಗಿ ಅಲ್ಲ, ತಮ್ಮ ಊಟ ಸಾಲದೆ ಹೋದದ್ದಕ್ಕೆ. ಆ ಸೌದೆಯವನನ್ನು ಚಿತ್ರ ತೋರಿಸುವುದೇ ಇಲ್ಲ. ಭಾಷಣದೊಳಗೊಂದು ಮಾತಾಗಿ ಬಂದು ಹೋಗುತ್ತಾನೆ. ನನ್ನ ಲೆಕ್ಕದಲ್ಲಿ ಇಡೀ ಚಿತ್ರದ ಅತಿ ಭಯಂಕರ ಗಳಿಗೆ ಇದು. ಆಮೇಲೆ ಮಿನುಯೆಟ್ ಎಂಬ ದರ್ಬಾರಿ ಕುಣಿತ ಶುರುವಾಗುತ್ತದೆ. ಸಾರಾಳನ್ನು ಬಿಡಿಸಿಕೊಳ್ಳಲು ಪ್ರೊಫೆಸರನೂ ಆಲ್ಫ್ರೆಡನೂ ವೇಷ ಹಾಕಿಕೊಂಡು ಅದರೊಳಗೆ ಸೇರಿಕೊಳ್ಳುತ್ತಾರೆ. ಎದುರಿಗೆ ದೊಡ್ಡ ಕನ್ನಡಿ. ಅಷ್ಟು ಜನರ ನಡುವೆ ಮೂವರ ಬಿಂಬ ಮಾತ್ರ ಕಾಣುತ್ತದೆ. ಅಷ್ಟು ಜರಿ, ಅಷ್ಟು ಬಿರುದು, ಕನ್ನಡಿಯಲ್ಲಿ ಬರಿ ಖಾಲಿ ನೆಲ! ಇಲ್ಲಿ ನಾವು ಮನಸಾರೆ ನಕ್ಕೆವು.

ಪ್ರೊಫೆಸರನ ಬಗ್ಗೆ ಹೇಳಬೇಕು. ಜ್ಯಾಕ್ ಮೆಗೌರನ್ ಎಂಬ ಐರಿಷ್ ನಟ ಮಾಡಿದ್ದಾನೆ, ಒಣಗಿದ ಕೋಲಿನಂಥ ಮೈ. ಇವನಿಗೆ ಪಿಶಾಚಿ ಶಾಸ್ತ್ರವೆಲ್ಲ ಬಾಯಿಪಾಠ. ಕೌಂಟ್ ಇವನ ಬಾವಲಿಯ ಪುಸ್ತಕವನ್ನು ಹೊಗಳಿದ್ದೇ ತಡ, ಉಬ್ಬಿಹೋಗುತ್ತಾನೆ. ಕೋಟೆಯ ಗ್ರಂಥಭಂಡಾರ ನೋಡಿ ಮೈಮರೆಯುತ್ತಾನೆ. ಗೂಟ ಹೊಡೆಯಲು ಸಮಾಧಿ ಕೋಣೆಗೆ ಇಳಿಯಬೇಕಾದಾಗ ಕಿಟಕಿಯಲ್ಲೇ ಸಿಕ್ಕಿಬೀಳುತ್ತಾನೆ. ಹೊರಗೆ ಕಾಲು, ಒಳಗೆ ತಲೆ. ಅಲ್ಲಿಂದಲೇ ಶಿಷ್ಯನಿಗೆ ಹೀಗೆ ಹೊಡಿ ಹಾಗೆ ಹೊಡಿ ಅಂತ ಪಾಠ ಮಾಡುತ್ತಾನೆ. ಹೊಡೆಯುವ ಕೈ ಮಾತ್ರ ಶಿಷ್ಯನದಾಗಬೇಕು, ಆ ಕೈ ನಡುಗುತ್ತದೆ. ವಿಶ್ವವಿದ್ಯಾಲಯ ನೋಡಿದವರಿಗೆ ಈ ಕಿಟಕಿ ಪರಿಚಯದ್ದೇ. ಕೌಂಟನಿಗೂ ಇವನನ್ನು ಕೊಲ್ಲುವ ಮನಸ್ಸಿಲ್ಲ. ತಮ್ಮವನನ್ನಾಗಿ ಮಾಡಿಕೊಂಡರೆ ಚಳಿಗಾಲದ ರಾತ್ರಿಗಳಲ್ಲಿ ವಿದ್ವತ್ತಿನ ಮಾತಾಡಿಕೊಂಡಿರಬಹುದು ಅಂತ ಅವನ ಆಸೆ. ಪಂಡಿತನಿಗೆ ಒಳಗೆ ಕುರ್ಚಿ ಕಾದಿದೆ, ಶಗಾಲನಿಗೆ ಲಾಯ.

ಹಾಗಂತ ಈ ಚಿತ್ರವನ್ನು ತಲೆಯ ಮೇಲೆ ಹೊತ್ತು ಕುಣಿಯುವುದು ಬೇಡ. ಕೌಂಟನ ಮಗ ಹರ್ಬರ್ಟ್ ಗಂಡಸರನ್ನು ಬಯಸುವವನು. ಅವನನ್ನು ಬರಿ ಅದಕ್ಕಾಗಿಯೇ ನಗೆಪಾಟಲು ಮಾಡಿದ್ದಾರೆ. ಆಲ್ಫ್ರೆಡ್ ಕೈಯಲ್ಲಿದ್ದ ಪ್ರೇಮದ ಪುಸ್ತಕವನ್ನು ಅವನ ಹಲ್ಲಿಗೆ ತುರುಕಿ ಓಡುವುದು, ಓಡಿ ಓಡಿ ಸುತ್ತು ಬಂದು ಅವನ ಎದುರಿಗೇ ನಿಲ್ಲುವುದು ಲೆಕ್ಕಾಚಾರದಲ್ಲಿ ಬಹಳ ಚೆನ್ನಾಗಿದೆ. ಆದರೆ ಶಗಾಲನ ಪೆಟ್ಟಿಗೆಯನ್ನು ಕಂಡ ಕಣ್ಣಿಗೆ ಹರ್ಬರ್ಟನ ಒಂಟಿತನ ಕಾಣಲಿಲ್ಲ. ಸಾರಾಳ ಪಾತ್ರವೂ ತೊಟ್ಟಿಯಲ್ಲಿ ಕೂರಲು, ಬೀಗದ ಕಿಂಡಿಯಿಂದ ನೋಡಿಸಿಕೊಳ್ಳಲು ಇದೆ. ಆ ಕಿಂಡಿಗೆ ಕಣ್ಣಿಡುವ ಆಲ್ಫ್ರೆಡ್ ಬೇರೆ ಯಾರೂ ಅಲ್ಲ, ಪೊಲಾನ್ಸ್ಕಿಯೇ. ಇದೇ ಮನುಷ್ಯ 1977ರಲ್ಲಿ ಅಮೆರಿಕದಲ್ಲಿ ಹದಿಮೂರರ ಹುಡುಗಿಯೊಬ್ಬಳ ಮೇಲಿನ ಲೈಂಗಿಕ ಅಪರಾಧವನ್ನು ಕೋರ್ಟಿನಲ್ಲಿ ಒಪ್ಪಿಕೊಂಡು, 1978ರಲ್ಲಿ ಶಿಕ್ಷೆ ಹೇಳುವ ಮೊದಲೇ ದೇಶ ಬಿಟ್ಟು ಓಡಿದ. ಸಾರಾಳಾಗಿ ನಟಿಸಿದ ಶರೋನ್ ಟೇಟ್ ಅವನನ್ನು ಮದುವೆಯಾಗಿ, 1969ರ ಆಗಸ್ಟಿನಲ್ಲಿ ತುಂಬು ಗರ್ಭಿಣಿಯಾಗಿದ್ದಾಗ ಮ್ಯಾನ್‌ಸನ್ ಗುಂಪಿನವರ ಕೈಯಲ್ಲಿ ಕೊಲೆಯಾದಳು. ನೋವುಂಡವನು ನೋವು ಕೊಡುವುದಿಲ್ಲ ಅನ್ನುವ ನಮ್ಮ ಮೆಚ್ಚಿನ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಶಗಾಲನ ವಿಷಯದಲ್ಲಿ ಅವನ ಚಿತ್ರವೇ ಅದನ್ನು ಹೇಳಿಬಿಟ್ಟಿದೆ.

ಕೊನೆಗೆ ಮೂವರೂ ಹಿಮದ ಬಂಡಿಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಕೌಕೊಲ್ ಒಂದು ಶವಪೆಟ್ಟಿಗೆಯನ್ನೇ ಬಂಡಿ ಮಾಡಿಕೊಂಡು ಜಾರುತ್ತ ಅಟ್ಟಿಸಿಕೊಂಡು ಬಂದು ಕಮರಿಗೆ ಬೀಳುತ್ತಾನೆ. ಅವನು ಪಿಶಾಚಿಯಲ್ಲ, ಬಿಸಿ ನೆತ್ತರಿನ ಮನುಷ್ಯ. ಸತ್ತವರ ಚಾಕರಿ ಮಾಡಿ ಸತ್ತ. ಬಂಡಿಯಲ್ಲಿ ಆಲ್ಫ್ರೆಡ್ ಸಾರಾಳ ಕೈ ಮುಟ್ಟುತ್ತಾನೆ, ಕೈ ತಣ್ಣಗಿದೆ. ಅವಳು ಅವನ ಕೊರಳಿಗೆ ಬಾಯಿ ಹಾಕುತ್ತಾಳೆ. ಮುಂದೆ ಕೂತ ಪ್ರೊಫೆಸರ್ ಹಿಂದೆ ತಿರುಗಿ ನೋಡದೆ ಬಂಡಿ ಹೊಡೆಯುತ್ತಲೇ ಇದ್ದಾನೆ. ಯಾವುದನ್ನು ನಾಶ ಮಾಡಲು ಬಂದನೋ ಅದನ್ನೇ ಲೋಕಕ್ಕೆಲ್ಲ ಹಂಚಲು ಒಯ್ಯುತ್ತಿದ್ದಾನೆ ಅಂತ ಹಿನ್ನೆಲೆಯ ದನಿ ಹೇಳಿ ಚಿತ್ರ ಮುಗಿಯುತ್ತದೆ.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನನಗೆ ಉಳಿದದ್ದು ಇನ್ನೊಬ್ಬಳು. ಶಗಾಲನ ಹೆಂಡತಿ ರೆಬೆಕ್ಕಾ. ಗಂಡ ಹೋದ, ಮಗಳು ಹೋದಳು, ಮಾಗ್ದಾಳೂ ಹೋದಳು. ಆ ದೊಡ್ಡ ಮನೆಯಲ್ಲಿ ಬೆಳ್ಳುಳ್ಳಿ ಗೊಂಚಲುಗಳ ಕೆಳಗೆ ಅವಳೊಬ್ಬಳೇ. ಕೋಟೆ ಇಲ್ಲ ಅಂದ ಅದೇ ಊರಿನವರು ಸಂಜೆ ಮತ್ತೆ ಹೆಂಡಕ್ಕೆ ಬಂದಿರಬೇಕು. ಅವಳು ಅವರಿಗೆ ಏನಂದಳು? ಕ್ಯಾಮೆರಾ ಆ ಮನೆಗೆ ತಿರುಗಿ ಹೋಗಲೇ ಇಲ್ಲ.