ವಿಶ್ವವಿದ್ಯಾನಿಲಯದಲ್ಲಿ ಹಳ್ಳಿಯ ಹಾಡು

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 'ಕಂಟ್ರಿ' ಎಂದು ಕರೆಯಿಸಿಕೊಳ್ಳುವ ಸಂಗೀತವು ಅಲ್ಲಿಯ ದಕ್ಷಿಣ ಸೀಮೆಯ ಬೆಟ್ಟಗಾಡುಗಳಲ್ಲಿಯೂ ಹತ್ತಿಯ ಹೊಲಗಳಲ್ಲಿಯೂ ಗಿರಣಿಯ ಕೇರಿಗಳಲ್ಲಿಯೂ ಬೆಳೆದುದು. ಬಹುಕಾಲದವರೆಗೆ ಪಂಡಿತರು ಇದನ್ನು ಅಭ್ಯಾಸಯೋಗ್ಯವೆಂದು ಎಣಿಸಲಿಲ್ಲ. ಈಗ ಅದಕ್ಕೆ ವಿದ್ಯಾಪೀಠದಲ್ಲಿ ಸ್ಥಾನ ದೊರೆತಿದೆ. ಈಸ್ಟ್ ಟೆನೆಸಿ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1982ರಲ್ಲಿ ಜ್ಯಾಕ್ ಟಾಟಲ್ ಅವರು ಇದರ ಒಂದು ಶಾಖೆಯಾದ 'ಬ್ಲೂಗ್ರಾಸ್' ವಾದನದ ಶಿಕ್ಷಣವನ್ನು ಆರಂಭಿಸಿದರು. ಈಚೆಗೆ ಇಂತಹ ಶಿಕ್ಷಣದಲ್ಲಿ ವಾದನದ ಜೊತೆಗೆ, ಈ ಹಾಡು ಯಾರದು, ಇದರ ಚರಿತ್ರೆಯಿಂದ ಯಾರ ಹೆಸರು ಅಳಿಸಿಹೋಯಿತು ಎಂಬ ಪ್ರಶ್ನೆಗಳೂ ಸೇರಿಕೊಂಡಿವೆ. ಇದು ಸಂಗೀತಶಾಲೆಗೆ ತಕ್ಕ ಕೆಲಸವೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಸ್ವರಕ್ಕೆ ಕುಲವಿಲ್ಲ, ಕಿವಿಗೆ ಇಂಪಾದರೆ ಸಾಕು, ನ್ಯಾಯಾನ್ಯಾಯಗಳ ಚರ್ಚೆಯನ್ನು ಚರಿತ್ರೆಯ ಉಪಾಧ್ಯಾಯರಿಗೆ ಬಿಡತಕ್ಕದ್ದು ಎಂದು ಕೆಲವರು ಹೇಳುವರು. ಮಾತೇನೋ ಸೊಗಸಾಗಿದೆ. ಆದರೆ ಸ್ವರಕ್ಕೆ ಕುಲವನ್ನು ಕಟ್ಟಿದವರು ಇಂದಿನ ಅಧ್ಯಾಪಕರಲ್ಲ, ನೂರು ವರ್ಷಗಳ ಹಿಂದಿನ ವರ್ತಕರು. 1920ರ ದಶಕದಲ್ಲಿ ಗ್ರಾಮಫೋನ್ ಕಂಪೆನಿಗಳು ದಕ್ಷಿಣದ ಹಾಡುಗಾರಿಕೆಯನ್ನು ಎರಡು ಪಟ್ಟಿಗಳಾಗಿ ಒಡೆದವು. ಕೃಷ್ಣವರ್ಣದವರದು 'ರೇಸ್' ಪಟ್ಟಿ. ಶ್ವೇತವರ್ಣದವರದು 'ಹಿಲ್‌ಬಿಲಿ' ಪಟ್ಟಿ. ಒಂದೇ ಸೀಮೆಯಲ್ಲಿ ಒಂದೇ ಮಟ್ಟನ್ನು ಇಬ್ಬರೂ ನುಡಿಸುತ್ತಿದ್ದರೆಂಬುದು ವ್ಯಾಪಾರಕ್ಕೆ ಅಡ್ಡಿಯಾಗಲಿಲ್ಲ. ಎರಡನೆಯ ಪಟ್ಟಿಯೇ ಮುಂದೆ 'ಕಂಟ್ರಿ' ಎಂಬ ಗೌರವದ ಹೆಸರನ್ನು ಪಡೆಯಿತು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಪರಂಪರೆಯಲ್ಲಿ ಹುಟ್ಟಿದ ಬ್ಯಾಂಜೋ ವಾದ್ಯವು ಬಿಳಿಯ ಬೆಟ್ಟದವರ ಸ್ವಂತ ಲಾಂಛನವೆಂದು ಜನರು ನಂಬುವಂತಾಯಿತು. ಹೀಗಿರುವಲ್ಲಿ ವರ್ತಕರ ಪಟ್ಟಿಯನ್ನೇ ಪಾಠವಾಗಿ ಒಪ್ಪಿಸುವುದು ನಿಷ್ಪಕ್ಷಪಾತವೆನಿಸದು.

ಇದರ ಫಲವೇನೆಂಬುದು ಇಬ್ಬರ ಜೀವನದಿಂದ ತಿಳಿಯುತ್ತದೆ. 1927ರಲ್ಲಿ ಬ್ರಿಸ್ಟಲ್ ಪಟ್ಟಣದ ಧ್ವನಿಮುದ್ರಣದಿಂದ ಪ್ರಸಿದ್ಧಿಗೆ ಬಂದುದು ಕಾರ್ಟರ್ ಕುಟುಂಬ. ಅದರ ಹಿರಿಯ ಎ. ಪಿ. ಕಾರ್ಟರ್ ಅವರು ಅನಂತರ ಹಾಡುಗಳನ್ನು ಅರಸುತ್ತ ಊರೂರು ತಿರುಗಿದಾಗ ಲೆಸ್ಲಿ ರಿಡಲ್ ಎಂಬ ಕೃಷ್ಣವರ್ಣದ ಗಿಟಾರ್ ವಾದಕರು ಜೊತೆಗಿದ್ದರು. ಕಾರ್ಟರ್ ಪದಗಳನ್ನು ಬರೆದುಕೊಂಡರು. ಮಟ್ಟುಗಳನ್ನು ನೆನಪಿನಲ್ಲಿ ಹೊತ್ತು ತಂದವರು ರಿಡಲ್. ಕಾರ್ಟರ್ ಕುಟುಂಬದ ಕೀರ್ತಿಯಲ್ಲಿ ಅವರಿಗೆ ಪಾಲು ಬರಲಿಲ್ಲ. ಡಿಫೋರ್ಡ್ ಬೇಲಿ ಅವರು ಮೌತ್ ಆರ್ಗನ್ನಿನ ಮಹಾವಾದಕರು. ನ್ಯಾಷ್‌ವಿಲ್ಲಿನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೋ ಸಭೆಯ ಮೊದಲ ಪ್ರಸಿದ್ಧರಲ್ಲಿ ಒಬ್ಬರು. 1941ರಲ್ಲಿ ಅವರನ್ನು ಅಲ್ಲಿಂದ ತೆಗೆದುಹಾಕಿದರು. ಆಮೇಲೆ ಅವರು ಬೂಟು ಪಾಲಿಷಿನ ಅಂಗಡಿಯಿಂದ ಜೀವನ ಸಾಗಿಸಿದರು. ಕಂಟ್ರಿ ಸಂಗೀತದ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ದೊರೆತುದು 2005ರಲ್ಲಿ, ತೀರಿಕೊಂಡು ಇಪ್ಪತ್ತಮೂರು ವರ್ಷಗಳಾದ ಮೇಲೆ. ರಿಡಲ್ಲರ ಹೆಸರನ್ನು ಹೇಳದೆ ಕಾರ್ಟರರ ಹಾಡನ್ನು ಕಲಿಸುವ ಶಾಲೆಯು ಹಾಡನ್ನೇ ಅರ್ಧ ಕಲಿಸಿದಂತೆ.

ಇಷ್ಟನ್ನು ಒಪ್ಪಿದರೂ ವಿಶ್ವವಿದ್ಯಾನಿಲಯಕ್ಕೆ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಪಟ್ಟಿ ಮಾಡುವ ಚಪಲ ವರ್ತಕರಿಗೆ ಮಾತ್ರವೇ ಇರುವುದಲ್ಲ. ಗಾಯಕನನ್ನು ಕೇಳುವ ಮೊದಲೇ ಅವನ ವರ್ಣವನ್ನು ಬರೆದುಕೊಳ್ಳುವ ಪಂಡಿತನೂ ಹಳೆಯ ಕಂಪೆನಿಯ ಗುಮಾಸ್ತನ ಕೆಲಸವನ್ನೇ ಮುಂದುವರಿಸುತ್ತಾನೆ. ವರ್ಣವೊಂದನ್ನೇ ಎಣಿಸುವವರಿಗೆ ಎಲ್ಲಾ ಮೇ ವಿಗಿನ್ಸ್ ಅವರಂಥವರು ಕಾಣಿಸರು. ಗ್ಯಾಸ್ಟೋನಿಯದ ಹತ್ತಿಗಿರಣಿಯ ಮುಷ್ಕರದಲ್ಲಿ ಸ್ವಂತ ಪದಗಳನ್ನು ಕಟ್ಟಿ ಹಾಡಿದ ಈ ಬಡ ಬಿಳಿಯ ಹೆಂಗಸು, ಕೃಷ್ಣವರ್ಣದ ಕೂಲಿಗಳನ್ನೂ ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ದುಡಿದು, 1929ರಲ್ಲಿ ಗುಂಡಿಗೆ ಬಲಿಯಾದರು. ಅಲ್ಲದೆ, ಬ್ಯಾಂಜೋವನ್ನು ಕುರಿತು ಇಪ್ಪತ್ತು ಪುಟಗಳ ಪ್ರಬಂಧವನ್ನು ಬರೆದೂ ಅದರ ತಂತಿಗಳನ್ನು ಶ್ರುತಿಗೂಡಿಸಲಾರದ ವಿದ್ಯಾರ್ಥಿಯಿಂದ ಯಾರಿಗೆ ನ್ಯಾಯ ದೊರೆತಂತಾಯಿತು? ವಾದಕನಿಗೆ ಸಲ್ಲುವ ನಿಜವಾದ ಗೌರವವೆಂದರೆ ಅವನ ವಿದ್ಯೆಯನ್ನು ಇನ್ನೊಬ್ಬನು ಕೈಯಲ್ಲಿ ಉಳಿಸಿಕೊಳ್ಳುವುದು.

ಈ ಎರಡೂ ಕೂಡಿಬಂದ ಒಂದು ನಿದರ್ಶನವಿದೆ. 2005ರಲ್ಲಿ ನಾರ್ತ್ ಕ್ಯಾರೊಲೈನದ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ, ಬ್ಯಾಂಜೋವಿನ ಕೃಷ್ಣವರ್ಣೀಯ ಪರಂಪರೆಯನ್ನು ಕುರಿತು ಪಂಡಿತರೂ ವಾದಕರೂ ಸಮ್ಮೇಳನ ಸೇರಿದರು. ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್‌ಸನ್ ಎಂಬ ಮೂವರು ತರುಣರು ಅಲ್ಲಿಗೆ ಬಂದಿದ್ದರು. ಗಿಡೆನ್ಸ್ ಅವರು ಓಬರ್ಲಿನ್ ಸಂಗೀತಶಾಲೆಯಲ್ಲಿ ಆಪೆರಾ ಗಾನವನ್ನು ಕಲಿತವರು. ಸಮ್ಮೇಳನದ ತರುವಾಯ ಈ ಮೂವರು ಎಂಬತ್ತು ದಾಟಿದ ಪಿಟೀಲು ವಾದಕ ಜೋ ಥಾಮ್ಸನ್ ಅವರ ಮನೆಗೆ ವಾರವಾರವೂ ಹೋಗಿ, ಎದುರಿಗೆ ಕುಳಿತು ನುಡಿಸಿ ಕಲಿತರು. ಅವರು ಕಟ್ಟಿದ 'ಕ್ಯಾರೊಲೈನ ಚಾಕೊಲೇಟ್ ಡ್ರಾಪ್ಸ್' ಮೇಳಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಪ್ರಶಸ್ತಿಗಿಂತಲೂ ದೊಡ್ಡದೆಂದರೆ ಥಾಮ್ಸನ್ನರ ಮನೆಯ ಮಟ್ಟುಗಳು 2012ರಲ್ಲಿ ಅವರೊಡನೆ ಮಣ್ಣಾಗದೆ ಉಳಿದುದು. ಇಲ್ಲಿ ವಿಶ್ವವಿದ್ಯಾನಿಲಯವು ತಾನೇ ಗುರುವಾಗಲಿಲ್ಲ. ಗುರುವಿನ ಮನೆಗೆ ಹೋಗುವ ದಾರಿಯನ್ನು ತೆರೆಯಿತು.

ಹಳ್ಳಿಯ ಹಾಡನ್ನು ಕಲಿಸುವ ಪಾಠಕ್ರಮಕ್ಕೆ ಇದೇ ಒರೆಗಲ್ಲಾಗಬೇಕು. ಮಟ್ಟನ್ನು ಕೊಟ್ಟವರ ಹೆಸರನ್ನು ವಿದ್ಯಾರ್ಥಿಯು ಹೇಳಬಲ್ಲನೇ? ಪದವಿಯಿಲ್ಲದ ವೃದ್ಧ ವಾದಕರಿಗೆ ಪದವೀಧರರಷ್ಟೇ ಮರ್ಯಾದೆಯ ಆಸನವೂ ಸಂಭಾವನೆಯೂ ಸಲ್ಲುತ್ತಿವೆಯೇ? ಕೊನೆಗೆ, ಆ ವಿದ್ಯಾರ್ಥಿಯು ಹಾಡನ್ನು ತಪ್ಪಿಲ್ಲದೆ ಹಾಡಬಲ್ಲನೇ? ಈ ಮೂರಕ್ಕೂ ಹೌದೆನ್ನಬಲ್ಲ ಶಾಲೆಯು ಸಂಗೀತವನ್ನೂ ಕಲಿಸುತ್ತಿದೆ, ಋಣವನ್ನೂ ತೀರಿಸುತ್ತಿದೆ.